ಬಾಣಂತಿಯ ದಾಹ

ಗಾಳಿ ಸೋಕುವುದು, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಹಾಗೆ ಹೇಳಿಕೊಂಡು ಓಡಾಡುತ್ತಿದ್ದವನೇ ಏಳು ವರ್ಷದ ಹಿಂದೆ ಸ್ವಂತ ಮಗಳ ಕೊರಳಿಗೆ ತಾಯಿತ ಕಟ್ಟಿದೆ. ನಡೆದದ್ದನ್ನು ಬಚ್ಚಿಡದೆ ಹೇಳುತ್ತೇನೆ.

ಮಗಳನ್ನು ಕುಣಿಗಲ್‌ಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ಗುಬ್ಬಿಯ ನಮ್ಮ ಮನೆಗೆ ಬಂದಿದ್ದಳು. ಬಾಣಂತಿ ಹೆಚ್ಚು ನೀರು ಕುಡಿದರೆ ಮೈ ಊದಿಕೊಳ್ಳುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ನಮ್ಮ ತಾಯಿ ಹೇಳುತ್ತಿದ್ದರು. ಅದನ್ನೇ ನಾನೂ ಹಿಡಿದೆ. ದಿನಕ್ಕೆ ಎರಡು ಲೋಟ ಬಿಸಿನೀರು, ಅಷ್ಟೇ. ಇಪ್ಪತ್ತನೇ ದಿನ ಅವಳಿಗೆ ಎಂಥದೋ ದಾಹ ಶುರುವಾಯಿತು. ಒಂದು ಮಧ್ಯಾಹ್ನ ನೋಡಿದರೆ, ಮಗುವಿನ ಸ್ನಾನಕ್ಕೆಂದು ತೋಡಿಟ್ಟಿದ್ದ ಬಕೆಟ್ಟಿಗೆ ಮುಖವಿಟ್ಟು ಕುಡಿಯುತ್ತಿದ್ದಳು.

“ಏನಮ್ಮಾ ಇದು, ದನ ಕುಡ್ದಂಗೆ!” ಎಂದು ಗದರಿದೆ.

“ಅಪ್ಪಾ, ಇನ್ನೊಂದೇ ಲೋಟ ಕಣಪ್ಪ,” ಎಂದು ನನ್ನ ಕಾಲು ಹಿಡಿದಳು.

ಅಡುಗೆಮನೆಗೆ ಬೀಗ ಹಾಕಿದೆ. ಬಚ್ಚಲ ನಲ್ಲಿಯ ವಾಲ್ವ್ ಬಂದ್ ಮಾಡಿದೆ. ಆದರೂ ಅರ್ಧ ಗಂಟೆಗೊಮ್ಮೆ ಎದ್ದು ಮೂತ್ರಕ್ಕೆ ಹೋಗುತ್ತಲೇ ಇದ್ದಳು. ಒಳಗೆ ಹೋಗದ ನೀರು ಹೊರಗೆ ಹೇಗೆ ಬರುತ್ತದೆ? ಇದು ಗಾಳಿಯೇ ಇರಬೇಕು ಎಂದು ನನಗೆ ಅನ್ನಿಸಿದ್ದು ಆಗ. ತಾಯಿತ ಕಟ್ಟಿದ್ದೂ ಆಗಲೇ. ಮಾರನೆಯ ಬೆಳಿಗ್ಗೆ ಅವಳು ನನ್ನನ್ನು ನೋಡಿ “ನೀವ್ಯಾರು?” ಎಂದಳು.

ತುಮಕೂರಿನ ಆಸ್ಪತ್ರೆಗೆ ಕರೆದೊಯ್ದೆವು. ಎಷ್ಟು ನೀರು ಕುಡಿಯುತ್ತಾಳೆಂದು ಡಾಕ್ಟರಮ್ಮ ಕೇಳಿದರು. “ಬೇಕಾದಷ್ಟು ಕೊಡ್ತಿದೀವಿ ಮೇಡಂ,” ಎಂದೆ.

“ಸುಳ್ ಹೇಳ್ಬೇಡ್ರೀ, ಮಗ್ಳು ಸಾಯ್ತಾವ್ಳೆ!” ನನ್ನ ಹೆಂಡತಿ ಕಿರುಚಿದಳು. “ನೀರಿಗೆ ಬೀಗ ಹಾಕ್ದೋರು ಇವ್ರೇ ಮೇಡಂ.”

ಆ ಮಾತಿನಿಂದಲೇ ಮಗಳು ಉಳಿದಳು. ನೀರು ಕೊಡದಿದ್ದರೂ ಮೂತ್ರ ನಿಂತಿಲ್ಲವೆಂದು ತಿಳಿದ ಮೇಲೆಯೇ ಡಾಕ್ಟರಮ್ಮನಿಗೆ ರೋಗ ಸಿಕ್ಕಿದ್ದು. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿ ಇದೆಯಂತೆ. ಮೈಯಲ್ಲಿ ನೀರು ನಿಲ್ಲಬೇಕಾದರೆ ಅದು ಸರಿಯಿರಬೇಕಂತೆ. ಹೆರಿಗೆಯ ನಂತರ ಅದು ಊದಿಕೊಂಡು ಕೆಲಸ ನಿಲ್ಲಿಸಿತ್ತು. ಮೂಗಿಗೆ ಔಷಧಿ ಬಿಡುತ್ತಾ ಎಂಟು ತಿಂಗಳು ಕಳೆದೆವು. ಆಮೇಲೆ ದಾಹ ತಾನಾಗಿಯೇ ನಿಂತಿತು. ಸ್ಕ್ಯಾನಿನಲ್ಲಿ ಊತವೂ ಇರಲಿಲ್ಲ. “ಔಷಧಿ ನಿಲ್ಸಿ. ಯಾಕೆ ಬಂತು, ಯಾಕೆ ಹೋಯ್ತು, ನಂಗೂ ಹೇಳಕ್ಕಾಗಲ್ಲ,” ಎಂದರು ಡಾಕ್ಟರಮ್ಮ.

ಡಾಕ್ಟರಿಗೇ ತಿಳಿಯದ್ದು ನನಗೆ ತಿಳಿಯದಿದ್ದರೆ ಚಿಂತೆಯಿಲ್ಲ. ಆದರೆ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕುಣಿಗಲ್‌ಗೆ ಹೋದಾಗ ಮಗಳ ಅತ್ತೆ ನನಗೆ ಕೈಮುಗಿದರು. “ನೀವು ತಡ ಮಾಡ್ದೆ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ಕೇ ನಮ್ ಸೊಸೆ ಉಳುದ್ಲು ಬೀಗ್ರೇ. ಅವ್ಳೇ ಹೇಳುದ್ಲು.”

ಮಗಳು ಪಕ್ಕದಲ್ಲೇ ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು. ತಲೆಯೆತ್ತಲಿಲ್ಲ. ನಾನೂ ಅಲ್ಲವೆನ್ನಲಿಲ್ಲ. ಆ ದಿನಗಳು ಅವಳ ನೆನಪಿನಲ್ಲಿಲ್ಲವೋ, ನೆನಪಿದ್ದೇ ಹಾಗೆ ಹೇಳಿದಳೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.