ಇವರು ಸಂಜೆ ನೋಡಿದ ದಿನ

ನಮ್ಮನೆಯವರಿಗೆ ಬೀದಿಯವರು ಇಟ್ಟಿರೋ ಹೆಸರು ಗೂಬೆ. ಎದುರಿಗೆ ಅಂದ್ರೆ ನಾನು ಸುಮ್ಮನೆ ಬಿಡಲ್ಲ ಅಂತ ಗೊತ್ತು, ಅದಕ್ಕೇ ಬೆನ್ನ ಹಿಂದೆ ಅಂತಾರೆ. ಇವರು ಮಾತ್ರ ನಗ್ತಾರೆ. "ಅನ್ನಲಿ ಬಿಡೇ, ರಾತ್ರಿಯೆಲ್ಲ ಎದ್ದಿರೋನನ್ನ ನವಿಲು ಅಂತಾರಾ?"

ಇವರದು ಬ್ರೆಡ್ಡು ಬೇಯಿಸೋ ಕೆಲಸ. ಬೇಕರಿಯ ನೆಲಮಾಳಿಗೆ, ಒಂದೂ ಕಿಟಕಿ ಇಲ್ಲ, ಗೋಡೆಯಗಲದ ಒಲೆ. ಬಿಸಿಲಿರುವಾಗಲೇ ಕೆಳಗಿಳಿದ್ರೆ ಮೇಲೆ ಬರೋದು ಬೆಳಗಾದ ಮೇಲೆ. ಮುಂಗೈ ತುಂಬ ತಟ್ಟೆ ತಾಗಿ ಸುಟ್ಟ ಗೆರೆ, ಶಾಖಕ್ಕೆ ಸುಟ್ಟು ಹುಬ್ಬು ಯಾವಾಗಲೂ ಅರ್ಧ. ನಾನು ಬಸ್ ಕಂಡಕ್ಟರು, ಬೆಳಗಿನ ಪಾಳಿ. ಅವರು ಮನೆ ಮೆಟ್ಟಿಲು ಹತ್ತುವಾಗ ನಾನು ಇಳೀತಿರ್ತೀನಿ. ನಮ್ಮ ಸಂಸಾರದ ಮಾತೆಲ್ಲ ಆ ಮೆಟ್ಟಿಲ ಮೇಲೇ ನಡೆದಿದ್ದು. ಹಾಲು ಕಾಯಿಸಿದೀನಿ, ಮಗಳಿಗೆ ಜ್ವರ, ಗ್ಯಾಸ್ ಮುಗೀತು. ನಿಂತು ಜಗಳ ಆಡೋಕೂ ಪುರುಸೊತ್ತಿಲ್ಲ ಅಂದ್ರೆ ಅದೂ ಒಂದು ಸಂಸಾರವೇನ್ರೀ! ಅಷ್ಟರಲ್ಲೂ ಮಗಳು ಹೇಗೆ ಹುಟ್ಟಿದಳು ಅಂತ ನಮ್ಮ ಅತ್ತಿಗೆ ಇವತ್ತಿಗೂ ಕಾಲೆಳೀತಾಳೆ.

ನಮ್ಮಿಬ್ಬರ ಪಾಲಿನ ಕೋಪವನ್ನೆಲ್ಲ ನಾನೊಬ್ಬಳೇ ಇಟ್ಕೊಂಡುಬಿಟ್ಟೆ. ಸಂಬಳ ಜಾಸ್ತಿ ಮಾಡಿ ಅಂತ ಬೇಕರಿ ಮಾಲೀಕನ ಮುಂದೆ ಹೋಗಿ ನಿಲ್ಲೋದೂ ನಾನೇ. ಇವರು ಯಾರಿಗೂ ಎದುರು ಮಾತಾಡಿದವರಲ್ಲ, ಏನನ್ನೂ ಕೇಳಿದವರಲ್ಲ.

ಹಂಗಿದ್ದೋರು ಒಂದು ದಿನ ಕೆಲಸಕ್ಕೆ ಹೊರಡುವಾಗ, ಬೂಟಿನ ದಾರ ಕಟ್ಟಿಕೊಳ್ತಾ ಅಂದರು. "ಸೂರ್ಯ ಮುಳುಗೋದನ್ನ ಸರಿಯಾಗಿ ನೋಡಿ ಎಷ್ಟು ಕಾಲ ಆಯ್ತೋ! ಸಮುದ್ರದಲ್ಲಿ ಮುಳುಗೋದಂತೂ ನೋಡೇ ಇಲ್ಲ ಕಣೇ."

"ವಾರದ ರಜೆ ದಿನ ಏನು ಮಾಡ್ತೀರಿ ಮತ್ತೆ?"

"ಮಧ್ಯಾಹ್ನ ಮಲಗಿದ್ರೆ ನೀನು ರಾತ್ರಿ ಊಟಕ್ಕೆ ತಾನೇ ಎಬ್ಬಿಸೋದು?"

ಮಾರನೇ ದಿನವೇ ಮಾಲೀಕನ ಹತ್ತಿರ ಹೋದೆ. ವಾರದ ರಜೆ ಜೊತೆಗೆ ಇನ್ನೊಂದು ದಿನ ಬೇಕು ಅಂದ ಕೂಡಲೇ ಅವನ ಮುಖ ಹುಳ್ಳಗಾಯ್ತು. "ಒಂದು ದಿನ ನಿಮ್ಮ ಬ್ರೆಡ್ಡು ತಿನ್ನದಿದ್ರೆ ಊರೇನೂ ಸಾಯಲ್ಲ" ಅಂತ ಗಿರಾಕಿಗಳ ಎದುರಿಗೇ ಕೂಗಾಡಿದೆ. ಕೊನೆಗೆ ಒಪ್ಪಿದ. ಆದರೆ ರಜೆಯ ಮಾರನೇ ಸಂಜೆ ಒಲೆ ಮುಂದೆ ಇರಲೇಬೇಕಂತೆ, ಇಲ್ಲದಿದ್ರೆ ಬೇರೆಯವರನ್ನ ನೋಡ್ಕೋತಾನಂತೆ.

ನಾನೂ ರಜೆ ಹಾಕಿ, ಮಗಳನ್ನ ಅತ್ತಿಗೆ ಮನೇಲಿ ಬಿಟ್ಟು, ರಾತ್ರಿ ರೈಲು ಹತ್ತಿ ದೊಡ್ಡ ಪಟ್ಟಣಕ್ಕೆ ಬಂದು ಇಳಿದ್ವಿ. ಊರು ತೋರಿಸೋ ಬಸ್ಸಿಗೆ ಟಿಕೆಟ್ ತಗೊಂಡೆ. ಅರಮನೆ, ಮ್ಯೂಸಿಯಂ, ಗೋಪುರ, ಕೊನೆಗೆ ಕಡಲ ತೀರದಲ್ಲಿ ಸೂರ್ಯಾಸ್ತ. ಅದು ಮುಗಿಸಿ ಅವರೇ ಸ್ಟೇಷನ್ನಿಗೆ ಬಿಡ್ತಾರೆ. ವಾಪಸ್ ರೈಲೂ ಅವತ್ತೇ ರಾತ್ರಿ.

ನನಗೆ ಬಸ್ಸಲ್ಲಿ ಕೂತು ಅಭ್ಯಾಸವಿಲ್ಲ. ಯಾರಾದ್ರೂ ಹತ್ತಿದ ಕೂಡಲೇ "ಒಳಗೆ ಹೋಗಿ, ಒಳಗೆ ಹೋಗಿ" ಅಂತ ಬಾಯಿಗೆ ಬಂದುಬಿಡ್ತಿತ್ತು. ಇವರಿಗೋ ಹಗಲು ಅಂದ್ರೆ ನಿದ್ದೆ. ಅರಮನೆಯ ದರ್ಬಾರು ಹಾಲಲ್ಲಿ ಬೆಂಚು ಕಂಡಿದ್ದೇ ತಡ, ಕೂತಲ್ಲೇ ಗೊರಕೆ! ಕಾವಲುಗಾರ ಲಾಠಿ ಕುಟ್ಟಿಕೊಂಡು ಬಂದ. "ಮಲಗಲಿ ಬಿಡಪ್ಪ, ಇಲ್ಲಿದ್ದ ರಾಜರೇನು ನಿಂತೇ ಇರ್ತಿದ್ರಾ?" ಅಂದೆ. ಇವರು ಒಂದು ಕಣ್ಣು ತೆರೆದು, "ಸಂಜೆಗೆ ಎಬ್ಬಿಸೇ, ಅಷ್ಟು ಸಾಕು" ಅಂತ ಮತ್ತೆ ಮುಚ್ಚಿಕೊಂಡರು.

ಎಲ್ಲ ಸರಿಯಾಗೇ ನಡೀತಿತ್ತು, ಆ ಗೈಡ್ ಮಹಾಶಯ ಬಸ್ಸನ್ನ ಒಂದು ದೊಡ್ಡ ಅಂಗಡಿ ಮುಂದೆ ನಿಲ್ಲಿಸೋವರೆಗೆ. ಕಾರ್ಪೆಟ್ಟು, ಚರ್ಮದ ಚೀಲ, ಹಿತ್ತಾಳೆ ಆನೆ. ಒಂದೊಂದು ಚೀಲ ಮಾರಾಟವಾದಾಗಲೂ ಕಮಿಷನ್ ನೆನೆದು ಅವನ ಮುಖ ಅರಳ್ತಿತ್ತು. ನಮ್ಮ ಕಿವಿಗೆ ಹೂವಿಡ್ತಾ ಇದಾನೆ ಅಂತ ಗೊತ್ತಾಗಲ್ವಾ? "ಹೊರಡೋಣ್ವಾ?" ಅಂತ ಕೇಳಿದಾಗಲೆಲ್ಲ "ಐದೇ ನಿಮಿಷ ಮೇಡಂ." ಹೊರಗೆ ನೆರಳು ಉದ್ದ ಆಗ್ತಾ ಬಂತು. ಇವರು ಬಾಗಿಲಲ್ಲಿ ನಿಂತು ಆಕಾಶ ನೋಡ್ತಿದ್ರು.

ಕೊನೆಗೂ ಬಸ್ಸು ಹೊರಡ್ತು. ಗೈಡು ಮೈಕು ಹಿಡಿದ. "ತಡ ಆಗಿರೋದ್ರಿಂದ ಸೂರ್ಯಾಸ್ತ ಇಲ್ಲ. ನೇರವಾಗಿ ಸ್ಟೇಷನ್ನು."

ಬಸ್ಸಲ್ಲಿ ಗುಜುಗುಜು ಎದ್ದು ಹಾಗೇ ತಣ್ಣಗಾಯ್ತು. ಮುಂದಿನ ಸೀಟಿನ ಕನ್ನಡಕದ ಮನುಷ್ಯ, "ದಿನಾ ಮುಳುಗುತ್ತಲ್ಲ, ಬಿಡಿ" ಅಂದ.

ಇವರ ಕಡೆ ತಿರುಗಿದೆ. ಕತ್ತು ಉದ್ದ ಮಾಡಿಕೊಂಡು, ಕಟ್ಟಡಗಳ ಸಂದೀಲಿ ಎಲ್ಲಾದ್ರೂ ಬೆಳಕು ಕಾಣುತ್ತಾ ಅಂತ ಹುಡುಕ್ತಿದ್ರು. ನನ್ನ ಪಿತ್ತ ನೆತ್ತಿಗೇರ್ತು.

"ಹೋಲ್ಡಾನ್!"

ಕಂಡಕ್ಟರ್ ಗಂಟಲು ಕಣ್ರೀ ಅದು. ಡ್ರೈವರ್ ಕಾಲು ತಾನಾಗೇ ಬ್ರೇಕಿನ ಮೇಲೆ ಬಿತ್ತು. ಕನ್ನಡಕದವನ ಹಣೆ ಮುಂದಿನ ಸರಳಿಗೆ ಬಡೀತು.

"ದಿನಾ ಮುಳುಗುತ್ತೆ ಕಣಪ್ಪಾ, ಇವರಿಗೆ ಕಾಣಿಸಲ್ಲ! ಟಿಕೆಟ್ಟಲ್ಲಿ ಬರೆದಿರೋ ಕಡೆ ಬಸ್ಸು ಹೋಗಬೇಕು. ನಾನು ಹೀಗೆ ಮಧ್ಯದಲ್ಲಿ ಇಳಿಸಿದ್ರೆ ಜನ ನನ್ನ ಚರ್ಮ ಸುಲೀತಾರೆ!"

"ಬೇಕಿದ್ರೆ ಇಲ್ಲೇ ಇಳೀರಿ," ಗೈಡೂ ರೇಗಿದ. "ಬಸ್ಸು ಕಾಯಲ್ಲ. ರೈಲು ತಪ್ಪಿದ್ರೆ ನಮ್ಮನ್ನ ಕೇಳಬೇಡಿ."

ಆ ರೈಲು ತಪ್ಪಿದ್ರೆ ಮಾರನೇ ಸಂಜೆ ಒಲೆ ಮುಂದೆ ನಿಲ್ಲೋದು ಆಗದ ಮಾತು. ನಾನು ಒಂದು ಕ್ಷಣ ತಡವರಿಸಿದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಇವರು ಬಾಗಿಲ ಹತ್ತಿರ ಹೋಗಿಬಿಟ್ಟಿದ್ರು! "ಬಾರೇ, ಹೊತ್ತಾಯ್ತು" ಅಂದರು.

ಬೇರೆ ಯಾರೂ ಇಳೀಲಿಲ್ಲ. ಡ್ರೈವರ್ ಮಾತ್ರ ಮೆಲ್ಲಗೆ, "ಬಲಕ್ಕೆ ತಿರುಗಿ ನೆಟ್ಟಗೆ ಹೋಗಿ ಅಕ್ಕಾ, ದೂರ ಇಲ್ಲ" ಅಂದ.

ಇವರು ನಡುಬೀದೀಲಿ ನನ್ನ ಕೈ ಹಿಡಿದು ಎಳ್ಕೊಂಡು ಓಡಿದ್ರು. ಈ ವಯಸ್ಸಲ್ಲಿ! ನನ್ನ ಚಪ್ಪಲಿಯ ಬಾರು ಕಿತ್ತು ಬಂತು, ಕೈಯಲ್ಲಿ ಹಿಡ್ಕೊಂಡು ಓಡಿದೆ. ಬೀದಿ ಮುಗಿದಲ್ಲಿ ಮೋಟು ಗೋಡೆ, ಅದರಾಚೆ ಸಮುದ್ರ. ಸೂರ್ಯ ನೀರಿಗೆ ತಾಗಿದ್ದ.

ಗೋಡೆ ಮೇಲೆ ಕೂತ್ವಿ. ಇವರು ರೆಪ್ಪೆ ಮಿಟುಕಿಸದೆ ನೋಡಿದ್ರು. "ಇಷ್ಟು ದೊಡ್ಡ ಬೆಂಕಿ, ಮುಖಕ್ಕೆ ಒಂಚೂರೂ ಶಾಖ ಹೊಡೀತಿಲ್ಲ ನೋಡೇ" ಅಂದರು. ನನಗೆ ಅಳು ಬಂತು. ಆಟೋ ಹಿಡಿದ್ರೆ ರೈಲು ಇನ್ನೂ ಸಿಗ್ತಿತ್ತು, ಆದ್ರೆ ನಾನು ಕಿತ್ತ ಚಪ್ಪಲಿ ಪಕ್ಕಕ್ಕಿಟ್ಟು ಕೂತೇ ಇದ್ದೆ.

ಆಗಲೇ ಫೋನು. ಮಾಲೀಕ. ಬದಲಿಗೆ ಬಂದವನು ಬ್ರೆಡ್ಡೆಲ್ಲ ಕರಕಲು ಮಾಡಿದ್ದನಂತೆ. ಈಗಿಂದೀಗ ರೈಲು ಹತ್ತಬೇಕು, ಇಳಿದವರು ಸ್ಟೇಷನ್ನಿಂದ ನೇರ ನೆಲಮಾಳಿಗೆಗೆ ಬರಬೇಕು. ಅವನ ಕೂಗು ನನಗೂ ಕೇಳಿಸ್ತಿತ್ತು. ಎಂದಿನ ಹಾಗೆ ಫೋನಿಗೆ ಕೈ ಚಾಚಿದೆ. ಇವರು ಕೊಡಲಿಲ್ಲ.

"ಮಾಲೀಕ್ರೇ, ಇವತ್ತಿನ ರೈಲು ಹತ್ತಲ್ಲ. ನಾಳೆದ್ದಕ್ಕೆ ಬರ್ತೀನಿ. ಹಗಲು ಪಾಳಿ ಇದ್ರೆ ಕೊಡಿ, ಮಾಡ್ತೀನಿ. ರಾತ್ರಿ ಒಲೆಗೆ ಇನ್ಮೇಲೆ ನಾನು ಇಳಿಯಲ್ಲ."

ಆ ಕಡೆಯಿಂದ ಕಿವಿ ಕಿತ್ತುಹೋಗೋ ಹಾಗೆ ಕಿರುಚಾಟ. ಇವರು ಫೋನನ್ನ ಸ್ವಲ್ಪ ದೂರ ಹಿಡಿದು, ಅದು ಮುಗಿಯೋವರೆಗೂ ಸೂರ್ಯನನ್ನೇ ನೋಡ್ತಿದ್ರು. ಆಮೇಲೆ ಹತ್ತಿರ ತಂದು, ಅದೇ ತಣ್ಣಗಿನ ದನೀಲಿ ಅಂದರು.

"ಕೂಗಬೇಡಿ. ಕೂಗಿಯೇ ಮಾತಾಡಬೇಕು ಅಂದ್ರೆ ನಮ್ಮನೆಯವಳು ಪಕ್ಕದಲ್ಲೇ ಇದಾಳೆ, ಕೊಡ್ತೀನಿ."

ಆ ಕಡೆಯವನು ಟಕ್ ಅಂತ ಫೋನ್ ಇಟ್ಟ. ಇವರು ಫೋನ್ ಆಫ್ ಮಾಡಿ ಜೇಬಿಗೆ ಹಾಕಿಕೊಂಡರು. ಪೂರ್ತಿ ಕತ್ತಲಾಗೋವರೆಗೂ ಇಬ್ಬರೂ ಅಲ್ಲೇ ಕೂತಿದ್ವಿ.