ಜೈತುನ್ ಬೀ ಹಾಕಿದ ಸಹಿ

ಹೆದರಿಕೆ ಅನ್ನುವುದು ಜೈತುನ್ ಬೀಯ ಜೊತೆಗೇ ಹುಟ್ಟಿತ್ತು. ಹಲ್ಲಿ ಲೊಚಗುಟ್ಟಿದರೂ ಎದೆ ಹಿಡಿದುಕೊಳ್ಳುವ ಹೆಂಗಸು. ಇಂಥವಳನ್ನು ತಾಲೂಕು ಪಂಚಾಯಿತಿಯ ಮೆಂಬರು ಮಾಡಿದವರು ಅಧ್ಯಕ್ಷ ಗುರುಸಂಗಪ್ಪನವರು. ಕ್ಷೇತ್ರ ಹೆಂಗಸರಿಗೆ ಮೀಸಲಾಯಿತು, ಅವರಿಗೆ ಬಾಯಿಲ್ಲದವಳೊಬ್ಬಳು ಬೇಕಿತ್ತು, ಸಿಕ್ಕಳು. ಬೇಡ ಅನ್ನುವ ಹಾಗೂ ಇರಲಿಲ್ಲ. ಗಂಡ ಶೇಖಾವಲಿಯ ಪಂಪ್‌ಸೆಟ್ ರಿಪೇರಿ ಅಂಗಡಿ ಇದ್ದದ್ದು ಅವರ ಜಾಗದಲ್ಲಿ. ಕಾಗದವಿಲ್ಲ, ಪತ್ರವಿಲ್ಲ, ಬರೀ ಬಾಯಿಮಾತು. ಅವರು ಏಳು ಅಂದರೆ ಏಳಬೇಕು.

ಮೆಂಬರಾಗಿ ಎರಡು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ. ಮೀಟಿಂಗಿನ ಹಿಂದಿನ ದಿನ ಜವಾನ ಹುಲುಗಪ್ಪ ನಡಾವಳಿ ಪುಸ್ತಕವನ್ನು ಮನೆಗೇ ತರುತ್ತಿದ್ದ. "ಇಲ್ಲೊಂದು ಸಹಿ ಒಗೀರಿ ಅಕ್ಕಾರ. ಹೆಣ್ಮಕ್ಳು ಅಲ್ಲೀತನ ಎಲ್ಲಿ ಬರ್ತೀರಿ!" ಹಾಳೆಯ ಮೇಲೆಲ್ಲ ಖಾಲಿ, ತಳಕ್ಕೆ ಇವಳ ಸಹಿ. ಬರೆಯುವುದನ್ನು ಗುಮಾಸ್ತರು ಆಮೇಲೆ ಬರೆದುಕೊಳ್ಳುತ್ತಿದ್ದರು. ಹೆಣ್ಣು ಮೆಂಬರುಗಳೆಲ್ಲರದೂ ಇದೇ ರೂಢಿ. ಇದು ತಪ್ಪು ಅಂತ ಒಬ್ಬರಿಗೂ ಅನ್ನಿಸಿರಲಿಲ್ಲವಲ್ಲ, ಹೊಟ್ಟೆ ಉರಿಯುವುದೇ ಅದಕ್ಕೆ.

ಎರಡು ಸಾವಿರದ ಎರಡನೇ ಇಸವಿಯ ಬಜೆಟ್ ಮೀಟಿಂಗಿಗೂ ಹಾಗೆಯೇ ಸಹಿ ಬಿತ್ತು. ಪುಸ್ತಕ ಕಂಕುಳಿಗೆ ಸಿಕ್ಕಿಸಿ ಚಾ ಕುಡಿಯುತ್ತ ಹುಲುಗಪ್ಪ ಅಂದ: "ಈ ಸಲದ ರೊಕ್ಕ ಎಲ್ಲಾ ಗುರುಸಂಗಪ್ಪ ಸಾವ್ಕಾರ್ರ ಊರಿನ ಸಮುದಾಯ ಭವನಕ್ಕ ರೀ. ನಿಮ್ಮ ಹಳ್ಳದ ಸೇತುವಿ ಕೈಬಿಟ್ರು."

ಜೈತುನ್ ಬೀ ಅವನ ಕಂಕುಳಿನ ಪುಸ್ತಕವನ್ನೇ ನೋಡಿದಳು. ಹೋದ ಮಳೆಗಾಲ ಆ ಹಳ್ಳ ತುಂಬಿ ಹರಿದಾಗ, ನೆರೆಮನೆ ಗಾಳೆಮ್ಮನ ಸೊಸೆ ಆಸ್ಪತ್ರೆ ಮುಟ್ಟಲಾರದೆ ದಂಡೆಯಲ್ಲೇ, ಟ್ರ್ಯಾಕ್ಟರಿನೊಳಗೆ ಹೆತ್ತಿದ್ದಳು. ಕೂಸು ಉಳಿಯಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಕೂತವಳು ಈಕೆಯೇ.

ಮರುದಿನ ಬೆಳಿಗ್ಗೆ ಗಂಡನಿಗೂ ಹೇಳದೆ ತಾಲೂಕು ಕೇಂದ್ರದ ಬಸ್ಸು ಹತ್ತಿ ಮೀಟಿಂಗಿಗೆ ಹೋದಳು.

ಒಳಗೆ ವಾದ ನಡೆದಿತ್ತು. "ಬಡವರು ಮದುವಿ ಎಲ್ಲಿ ಮಾಡ್ಬೇಕ್ರಿ? ಭವನ ಬೇಕ ಬೇಕು" ಎಂದು ಅಧ್ಯಕ್ಷರ ಕಡೆಯ ಚೌಡಣ್ಣ ಮೇಜು ಕುಟ್ಟುತ್ತಿದ್ದ. ಇನ್ನೊಬ್ಬ ಮೆಂಬರು ನಾಗಲಿಂಗಮ್ಮ, "ನಮ್ಮೂರ ಸಾಲಿ ಸೋರತೈತಿ, ಅದಕ್ಕರ ಒಂದೀಟು ಕೊಡ್ರಿ" ಅಂದು ನೋಡಿದಳು. ಗುರುಸಂಗಪ್ಪ ನಕ್ಕರು. "ಭವನಕ್ಕ ಎಲ್ಲಾರ ಸಹಿ ಆಗೇತಿ. ಇನ್ನೇನು ವಾದ?"

ಜೈತುನ್ ಬೀ ಎದ್ದಳು. ಎದ್ದದ್ದು ತಾನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

"ಸಹಿ ನಂದ ಐತ್ರಿ ಸಾವ್ಕಾರ್ರ. ಹಾಕೂ ಮುಂದ ಹಾಳಿ ಖಾಲಿ ಇತ್ರಿ."

ಗುರುಸಂಗಪ್ಪ ದನಿ ಏರಿಸಲಿಲ್ಲ. "ಕುಂದ್ರವ್ವಾ. ನಿನ್ನ ಗಂಡ ಆರಾಮ ಅದಾನಲ್ಲ? ಅಂಗಡಿ ಚಲೋ ನಡದೈತಲ್ಲ?"

ಅಬ್ಬಾ, ಆ ಮೆತ್ತನೆಯ ಮಾತು! ಅವಳು ಮುಂದಿನ ಮೇಜನ್ನು ಹಿಡಿದುಕೊಂಡಳು. ಕೂತುಬಿಟ್ಟಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

"ನನಗ ಭಾಳ ಹೆದರಿಕಿ ಆಗೈತ್ರಿ" ಅಂದಳು, ಅಳುತ್ತಲೇ. "ಆದ್ರ ಸತ್ತ ಕೂಸನ್ನ ಹಿಡಕೊಂಡು ಕುಂತಾಕಿ ನಾನ್ರಿ. ನನ್ನ ಸಹಿ ಹೊಡದು ಹಾಕ್ರಿ. ಮೊದ್ಲು ಸೇತುವಿ ಆಗ್ಲಿ."

"ನಂದೂ ಹೊಡೀರಿ" ಎಂದು ನಾಗಲಿಂಗಮ್ಮ ಎದ್ದಳು. ಇನ್ನಿಬ್ಬರು ಹೆಂಗಸರೂ ಎದ್ದರು. ನಡಾವಳಿ ಬರೆಸುತ್ತಿದ್ದ ಪಂಚಾಯಿತಿಯ ಅಧಿಕಾರಿಗೆ ಬೇರೆ ದಾರಿ ಉಳಿಯಲಿಲ್ಲ, ಕೈ ಎತ್ತಿಸಿ ಎಣಿಸಿದರು. ಒಂದೇ ಒಂದು ಕೈ ಹೆಚ್ಚಾಗಿ ಸೇತುವೆ ಗೆದ್ದಿತು.

ಸಂಜೆ ಬಸ್ಸಿಳಿದಾಗ ಅಂಗಡಿಗೆ ಬೇರೆ ಬೀಗ ಬಿದ್ದಿತ್ತು. ಪಾನಾ, ಸುತ್ತಿಗೆ, ಬಿಚ್ಚಿದ ಮೋಟಾರುಗಳೆಲ್ಲ ರಸ್ತೆಯ ಮೇಲೆ. ಅವಳಿಗಿಂತ ಮುಂಚೆ ಗುರುಸಂಗಪ್ಪನವರ ಫೋನು ಬಂದು ಮುಟ್ಟಿತ್ತು. ಶೇಖಾವಲಿ ಕುಕ್ಕರಗಾಲಲ್ಲಿ ಕೂತಿದ್ದ. ಈಗ ಹೊಡೆಯುತ್ತಾನೆ ಎಂದುಕೊಂಡೇ ಅವಳು ಹತ್ತಿರ ಹೋದಳು.

"ಸೇತುವಿ ಆತೇನು?" ಅಂದ.

ಹೂಂ ಎಂದು ತಲೆಯಾಡಿಸಿದಳು.

"ಹಂಗಾರ ಆ ಕಡಿ ಹಿಡಿ" ಅಂದ, ಒಂದು ಮೋಟಾರಿಗೆ ಕೈ ಹಾಕುತ್ತ. "ಭಾರ ಐತಿ, ಒಬ್ಬಗ ಏಳಂಗಿಲ್ಲ."