ಹೊಟ್ಟೆಗೂ ಟೈಮ್‌ಟೇಬಲ್ ಉಂಟಾ?

ತಿಂಡಿ ತಿನ್ನುತ್ತಾ ಓದುತ್ತಿದ್ದರೆ ಪೇಪರ್ ಮಡಚಿಡಿ. ಇವತ್ತಿನ ಅಂಕಣ ಕಕ್ಕಸಿನದು.

ಯುಕೆಜಿಯಲ್ಲಿರುವ ನನ್ನ ಮಗಳು ರಿಯಾ ಹತ್ತು ದಿನ ಬಿಡದೆ ಶಾಲೆಯಿಂದ ಚಡ್ಡಿ ಹಾಳು ಮಾಡಿಕೊಂಡು ಬಂದಳು. ಡೈರಿಯಲ್ಲಿ ಟೀಚರ್ ನೋಟ್: 'ಲೂಸ್ ಮೋಷನ್ ಇರುವಾಗ ಮಗುವನ್ನು ಕಳಿಸಬೇಡಿ.' ಕೂಡಲೇ ಅತ್ತೆ ಚಾರ್ಜ್ ತೆಗೆದುಕೊಂಡರು. ಹಣ್ಣು ಬಂದ್, ತರಕಾರಿ ಬಂದ್. ಎರಡು ಹೊತ್ತು ಲಿಂಬೆ ಹಿಂಡಿದ ಬರೀ ಚಹಾ (ಐದು ವರ್ಷದ ಮಗುವಿಗೆ). ನಾನೋ, ದಿನಾ ಬೈದೆ.

ಕೊನೆಗೆ ಕುದ್ರೋಳಿಯ ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಇದು ಭೇದಿ ಅಲ್ಲ, ಮಲಬದ್ಧತೆ" ಎಂದರು.

"ಎಂತ ಹೇಳ್ತೀರಿ ಡಾಕ್ಟ್ರೇ? ನೀರಿನ ಹಾಗೆ ಹೋಗ್ತಾ ಉಂಟಲ್ಲ?" ಅತ್ತೆ ಬಿಡಲಿಲ್ಲ.

"ಒಳಗೆ ಗಟ್ಟಿಯಾದದ್ದು ತುಂಬಿ ಉಂಟು ಅಮ್ಮ. ನೀರಾದದ್ದು ಅದರ ಬದಿಯಿಂದ ಸೋರ್ತದೆ. ಮಗುವಿಗೆ ಗೊತ್ತೇ ಆಗುದಿಲ್ಲ. ಬೈಬೇಡಿ." ಮತ್ತೆ ರಿಯಾಳ ಕಡೆ ತಿರುಗಿದರು. "ಶಾಲೆಯಲ್ಲಿ ಬಂದ್ರೆ ಎಂತ ಮಾಡ್ತಿ?"

"ಹಿಡ್ಕೊಳ್ತೇನೆ. ಬೆಲ್ ಆದ್ಮೇಲೆ ಹೋಗು ಅಂತಾರೆ ಟೀಚರ್. ಆಗ ಬರುದೇ ಇಲ್ಲ. ಈಗ ನೋವಾಗ್ತದೆ, ಮನೆಯಲ್ಲೂ ಹೋಗುದಿಲ್ಲ."

ಮೊದಲು ಒಳಗಿನದ್ದನ್ನು ಮೆತ್ತಗೆ ಮಾಡಿ ಹೊರಹಾಕುವ ಔಷಧಿ. ಆಮೇಲೆ ದಿನಾ ಸಿರಪ್, ತಿಂಗಳುಗಟ್ಟಲೆ. ಊಟವಾದ ಮೇಲೆ ಕಾಲಡಿಗೆ ಮಣೆ ಇಟ್ಟು ಕಮೋಡ್ ಮೇಲೆ ಸ್ವಲ್ಪ ಹೊತ್ತು ಕೂರಿಸಬೇಕು. "ಎರಡು ದಿನ ಸರಿ ಹೋಯ್ತು ಅಂತ ನಿಲ್ಲಿಸಿದ್ರೆ ಪುನಃ ಇಲ್ಲಿಗೇ ಬರ್ತೀರಿ" ಎಂದರು ಡಾಕ್ಟರು.

ಈಗ ಎರಡನೇ ತಿಂಗಳು. ಬಾತ್‌ರೂಮ್ ಬಾಗಿಲಲ್ಲಿ ಕುರ್ಚಿ ಹಾಕಿ ಅತ್ತೆಯದ್ದೇ ಕಾವಲು. ಸಿರಪ್ ಒಂದು ದಿನವೂ ತಪ್ಪಿಲ್ಲ, ತಪ್ಪಲು ನಾನು ಬಿಡುವುದೂ ಇಲ್ಲ.

ರಿಯಾಳ ಶಾಲೆಗೂ ಹೋದೆ, ಜಗಳಕ್ಕೆ ಸೊಂಟ ಕಟ್ಟಿಕೊಂಡೇ. ಟೀಚರ್ ಮೆತ್ತಗೆ ಕೇಳಿದರು: "ಕ್ಲಾಸಿನ ಮಧ್ಯೆ ಒಬ್ಬರನ್ನು ಹೊರಗೆ ಬಿಟ್ರೆ ಎಲ್ಲರೂ ಎದ್ದು ನಿಲ್ತಾರೆ ಮೇಡಂ. ನೀವೂ ಟೀಚರ್ ಅಲ್ವಾ? ನೀವು ಬಿಡ್ತೀರಾ?"

ಹದಿನಾರು ವರ್ಷದಿಂದ ಮೂರನೇ ಕ್ಲಾಸಿಗೆ ಲೆಕ್ಕ ಕಲಿಸುತ್ತಿದ್ದೇನೆ. ಒಮ್ಮೆಯೂ ಬಿಟ್ಟಿಲ್ಲ. ನಾಚಿಕೆಯಾಯಿತು.

ಈ ಸೋಮವಾರದಿಂದ ನನ್ನ ಕ್ಲಾಸಿನಲ್ಲಿ ಪರ್ಮಿಶನ್ ಬೇಡ, ಎದ್ದು ಹೋಗಬಹುದು. "ಡಿಸಿಪ್ಲಿನ್ ಹಾಳಾಗ್ತದೆ" ಎಂದರು ಹೆಡ್‌ಮಿಸ್. ಆಗಲಿ ಎಂದೆ.

ಮೊದಲ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ನನ್ನ ಮುಖ ನೋಡಿ ಮತ್ತೆ ಕೂತಳು. "ಹೋಗು" ಎಂದೆ.

"ಬೇಡ ಮಿಸ್, ತಡ್ಕೊಳ್ತೇನೆ. ನಂಗೆ ಅಭ್ಯಾಸ ಉಂಟು."

ಆ ಅಭ್ಯಾಸ ಮಾಡಿಸಿದ್ದು ಯಾರು?